ಸುಮ್ಮನಿದ್ದವರನ್ನು ಕಳ್ಳರೆನ್ನಬೇಡಿ: ಕೊಡಗು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳೇ,

ನಮಸ್ಕಾರ. ನಾನು ದಕ್ಷಿಣ ಕೊಡಗಿನಲ್ಲಿ ಸಣ್ಣದೊಂದು ಕಾಫಿ ತೋಟ ನೋಡಿಕೊಂಡಿರುವವಳು. ಪತ್ರ ನಿಮಗೇ ಬರೆದದ್ದು. ಆದರೆ ನಮ್ಮ ಬೆಳೆಗಾರರೂ, ತೋಟದ ಲೈನ್ ಮನೆಗಳಲ್ಲಿ ಇರುವ ಕೆಲಸಗಾರರೂ ಓದಲಿ, ಓದಲು ಬಾರದವರಿಗೆ ಓದಿ ಹೇಳಲಿ ಅಂತ ಎಲ್ಲರೆದುರು ಇಡುತ್ತಿದ್ದೇನೆ.

ಕೇಳುವುದು ಒಂದೇ ವಿಷಯ. ಠಾಣೆಗೆ ಕರೆಸಿದ ಯಾರಿಗೇ ಆಗಲಿ, ವಿಚಾರಣೆ ಶುರು ಮಾಡುವ ಮೊದಲು ಅವರಿಗೆ ತಿಳಿಯುವ ಭಾಷೆಯಲ್ಲಿ ಹೀಗೆ ಹೇಳಿ: "ನಿಮ್ಮನ್ನೇ ಕೇಸಿಗೆ ಸಿಕ್ಕಿಸುವಂಥ ಪ್ರಶ್ನೆಗೆ ನೀವು ಉತ್ತರ ಕೊಡಬೇಕಾಗಿಲ್ಲ. ಕೊಡದಿದ್ದರೆ ಅದು ತಪ್ಪಲ್ಲ. ವಕೀಲರ ಹತ್ತಿರ ಮಾತಾಡಬೇಕಿದ್ದರೆ ಹೇಳಿ." ಹೇಳಿದ್ದನ್ನು ಠಾಣೆಯ ದಾಖಲೆಯಲ್ಲಿ ಬರೆದಿಡಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಬೆಂಗಳೂರಿಗೆ ಫೈಲ್ ಹೋಗಬೇಕಿಲ್ಲ. ನಿಮ್ಮ ಕಚೇರಿಯಿಂದ ಜಿಲ್ಲೆಯ ಎಲ್ಲ ಠಾಣೆಗಳಿಗೆ ಒಂದು ಸುತ್ತೋಲೆ ಹೋದರೆ ಸಾಕು.

ಯಾಕೆ ಈಗ ಅಂತ ಕೇಳಬಹುದು. ಕಾಫಿಗೂ ಕಾಳುಮೆಣಸಿಗೂ ಒಳ್ಳೆ ಬೆಲೆ ಬಂದ ಮೇಲೆ ನಮ್ಮ ಕಡೆ ಕಣದಲ್ಲಿ ಒಣಗಲು ಹಾಕಿದ್ದನ್ನು ರಾತ್ರಿ ಕಾಯುವುದೇ ಒಂದು ಕೆಲಸ. ಕೊಯ್ಲು ಶುರುವಾದರೆ ಕಳ್ಳತನದ ದೂರೂ ಶುರು. ದೂರು ಕೊಡುವವರು ನಮ್ಮಂಥ ತೋಟದವರು. ಠಾಣೆಗೆ ಹೋಗಿ ಕೂರುವವರು ಮಾತ್ರ ಯಾವಾಗಲೂ ಲೈನ್ ಮನೆಯವರು, ಗಿರಿಜನರ ಹಾಡಿಯವರು, ಅಸ್ಸಾಮಿನಿಂದ ಬಂದ ಹುಡುಗರು. ಕಾಗದ ಇಲ್ಲ, ನೋಟಿಸ್ ಇಲ್ಲ. ಮೇಸ್ತ್ರಿಯ ಮೊಬೈಲಿಗೆ ಒಂದು ಫೋನ್ ಬರುತ್ತದೆ: "ಅವನನ್ನು ಸ್ವಲ್ಪ ಕಳಿಸಿ, ಕೇಳಿ ಬಿಡ್ತೇವೆ."

ಹೋದ ಕೊಯ್ಲಿನಲ್ಲಿ ಹೀಗೇ ನಮ್ಮ ತೋಟದ ಒಬ್ಬರನ್ನು ಜಿಲ್ಲೆಯ ಒಂದು ಠಾಣೆಗೆ ಕರೆಸಿದರು. ಪಕ್ಕದ ತೋಟದಲ್ಲಿ ಮೆಣಸಿನ ಚೀಲಗಳು ಹೋಗಿದ್ದವು. ನಮ್ಮ ತೋಟದ ಇವರು ಯರವರು, ಇಲ್ಲಿನ ಗಿರಿಜನರು. ನಡುವಯಸ್ಸಿನವರು, ಮೊದಲೇ ಮಾತು ಕಡಿಮೆ. ಅವರ ಹೆಂಡತಿ ನಮ್ಮ ಮನೆಗೆ ಓಡಿ ಬಂದು ಹೇಳಿದ್ದರಿಂದ ನಾನೂ ಹೋದೆ. ನನಗೆ ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಅವರನ್ನು ಗೋಡೆ ಬದಿ ನೆಲದ ಮೇಲೆ ಕೂರಿಸಿದ್ದರು. ಯಾರೂ ಹೊಡೆಯಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಕೇಳಿದ್ದನ್ನೇ ಕೇಳಿದರು. ಆ ರಾತ್ರಿ ಎಲ್ಲಿದ್ದೆ, ಯಾರ ಜೊತೆ ಇದ್ದೆ, ಚೀಲ ಯಾರಿಗೆ ಕೊಟ್ಟೆ. ಅವರು ತಲೆ ತಗ್ಗಿಸಿ ಸುಮ್ಮನೆ ಕೂತಿದ್ದರು. ಕೊನೆಗೆ ಅಲ್ಲಿದ್ದ ಒಬ್ಬರು ನನ್ನ ಕಡೆ ತಿರುಗಿ, "ನೋಡಿ ಮೇಡಂ, ಏನೂ ಮಾಡಿಲ್ಲ ಅಂದ್ರೆ ಮಾತಾಡೋದಕ್ಕೆ ಏನು ಭಯ?" ಅಂದರು.

ಅವರ ಮೇಲೆ ಕೇಸ್ ಆಗಲಿಲ್ಲ. ಸಾಯಂಕಾಲ ಬಿಟ್ಟರು. ಆದರೆ ಅಷ್ಟು ಹೊತ್ತಿಗೆ ಊರಿನಲ್ಲಿ ತೀರ್ಪು ಆಗಿ ಹೋಗಿತ್ತು. "ಸ್ಟೇಷನ್‌ನಲ್ಲಿ ಬಾಯೇ ಬಿಡಲಿಲ್ಲವಂತೆ" ಅಂತ ಅಂಗಡಿಯಲ್ಲಿ, ಬಸ್ ಸ್ಟಾಂಡಿನಲ್ಲಿ, ಸಂಘದ ಸಭೆಯಲ್ಲಿ ಮಾತು. ಮೆಣಸು ಕೊಯ್ಯಲು ಏಣಿ ಹತ್ತುವುದರಲ್ಲಿ ಅವರಷ್ಟು ಚುರುಕಿನವರು ನಮ್ಮ ಸುತ್ತಮುತ್ತ ಇಲ್ಲ. ಆದರೂ ಆ ಸೀಸನ್‌ನಲ್ಲಿ ಬೇರೆ ತೋಟದವರು ಅವರನ್ನು ಕರೆಯಲಿಲ್ಲ. ಕದ್ದರು ಅಂತ ಯಾರ ಹತ್ತಿರವೂ ಒಂದು ತುಣುಕು ಸಾಕ್ಷಿ ಇರಲಿಲ್ಲ. ಇದ್ದದ್ದು ಇಷ್ಟೇ: ಅವರು ಸುಮ್ಮನಿದ್ದರು.

ಸುಮ್ಮನಿರುವುದು ಅವರ ಹಕ್ಕು. ಸಂವಿಧಾನದ 20ನೇ ವಿಧಿಯ 3ನೇ ಉಪವಿಧಿ ಹೇಳುವುದು ಇದನ್ನೇ: ಆರೋಪ ಹೊತ್ತ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ ಕೂಡ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 161ನೇ ಕಲಮಿನ ಮಾತನ್ನೇ ಉಳಿಸಿಕೊಂಡಿದೆ. ಕೇಸಿನ ಬಗ್ಗೆ ಗೊತ್ತಿರುವವರು ಪೊಲೀಸರ ಪ್ರಶ್ನೆಗೆ ನಿಜವನ್ನೇ ಹೇಳಬೇಕು, ಆದರೆ ಉತ್ತರ ಕೊಟ್ಟರೆ ತಾವೇ ಆರೋಪಕ್ಕೆ ಗುರಿಯಾಗುವಂಥ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. "ಚೀಲ ಯಾರಿಗೆ ಕೊಟ್ಟೆ" ಅನ್ನುವುದು ಅಂಥ ಪ್ರಶ್ನೆ ಅಲ್ಲದಿದ್ದರೆ ಇನ್ನಾವುದು?

ಇದು ಕೋರ್ಟಿನ ಕಟಕಟೆಗೆ ಮಾತ್ರ, ಠಾಣೆಗಲ್ಲ ಅಂತ ಹೇಳುವವರನ್ನು ಕಂಡಿದ್ದೇನೆ. ಆ ಪ್ರಶ್ನೆ 1978ರಲ್ಲೇ ಮುಗಿದಿದೆ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರನ್ನು ಕಟಕ್‌ನ ವಿಜಿಲೆನ್ಸ್ ಠಾಣೆಗೆ ಕರೆಸಿ, ಉದ್ದದೊಂದು ಪ್ರಶ್ನೆಗಳ ಪಟ್ಟಿ ಕೊಟ್ಟರು. ಅವರು ಉತ್ತರ ಕೊಡಲಿಲ್ಲ. ಉತ್ತರ ಕೊಡದ್ದೇ ಅಪರಾಧ ಅಂತ ಅವರ ಮೇಲೆ ಕೇಸ್ ಹಾಕಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು, ಈ ರಕ್ಷಣೆ ಪೊಲೀಸ್ ವಿಚಾರಣೆಯ ಹಂತದಿಂದಲೇ ಶುರುವಾಗುತ್ತದೆ ಅಂತ ಹೇಳಿತು. ಹೊಡೆದರೆ ಮಾತ್ರ ಬಲವಂತ ಅಲ್ಲ, ಮನಸ್ಸಿಗೆ ಹಿಂಸೆ ಕೊಟ್ಟು, ಸುಸ್ತು ಮಾಡಿ, ಹೆದರಿಸಿ ಮಾತು ಹೊರಡಿಸಿದರೂ ಅದು ಬಲವಂತವೇ ಅಂತ ಹೇಳಿತು. ಹೆಂಗಸನ್ನು ಠಾಣೆಗೆ ಕರೆಸಿದ್ದೇ ಕಾನೂನಿಗೆ ವಿರುದ್ಧ ಅಂತಲೂ ಹೇಳಿತು. ಮಾಜಿ ಮುಖ್ಯಮಂತ್ರಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಇತ್ತು. ತಿತಿಮತಿಯ ಹಾಡಿಯವರಿಗೆ ವಿರಾಜಪೇಟೆಯ ವಕೀಲರ ಆಫೀಸಿನ ಮೆಟ್ಟಿಲು ಹತ್ತುವುದೇ ದೊಡ್ಡ ಮಾತು. ಹಾಗಾಗಿಯೇ ಹಕ್ಕನ್ನು ಅವರಿಗೆ ಯಾರಾದರೂ ಹೇಳಬೇಕು ಅನ್ನುತ್ತಿದ್ದೇನೆ.

ನಮ್ಮ ರಾಜ್ಯದ ಹೆಸರೇ ಇರುವ ತೀರ್ಪು ಇನ್ನೊಂದಿದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮಾಡುವಂತಿಲ್ಲ ಅಂದಿತು. ಔಷಧಿ ಚುಚ್ಚಿ ಮಾತಾಡಿಸುವುದೂ ಬಲವಂತವೇ ಅಂತ. 2017ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಅದೇ ಕೋರ್ಟ್ ಇನ್ನೂ ಸರಳವಾದ ಮಾತು ಹೇಳಿತು: ಆರೋಪಿ ತಪ್ಪೊಪ್ಪಿಕೊಳ್ಳಲಿಲ್ಲ ಅನ್ನುವ ಕಾರಣಕ್ಕೆ ಅವನು ತನಿಖೆಗೆ ಸಹಕರಿಸಲಿಲ್ಲ ಅನ್ನುವಂತಿಲ್ಲ. ಈ ಒಂದು ಸಾಲನ್ನು ಎಲ್ಲ ಠಾಣೆಯ ಗೋಡೆಯ ಮೇಲೆ ಬರೆಸಬೇಕು ಅಂತ ನನ್ನ ಆಸೆ.

ಹಕ್ಕು ಇದೆ ಸರಿ, ಆದರೆ ಅದನ್ನು ಹೇಳುವ ಕೆಲಸ ಯಾರದು? ಕಷ್ಟ ಇರುವುದು ಇಲ್ಲೇ. ಅಮೆರಿಕದಲ್ಲಿ 1966ರ ಮಿರಾಂಡ ತೀರ್ಪಿನ ನಂತರ, ವಶಕ್ಕೆ ತೆಗೆದುಕೊಂಡವರನ್ನು ಪ್ರಶ್ನಿಸುವ ಮೊದಲು ಪೊಲೀಸರೇ ಇದನ್ನು ಹೇಳಬೇಕು. ಸಿನಿಮಾದಲ್ಲಿ ನೋಡಿ ನಮ್ಮ ಮಕ್ಕಳಿಗೂ ಅದು ಬಾಯಿಪಾಠ. ನಮ್ಮಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಗೆ ಕೊಡುವಾಗ ಮಾತ್ರ, ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ, ಮ್ಯಾಜಿಸ್ಟ್ರೇಟರು "ನೀವು ಹೇಳಲೇಬೇಕು ಅಂತಿಲ್ಲ, ಹೇಳಿದರೆ ನಿಮ್ಮ ವಿರುದ್ಧ ಬಳಸಬಹುದು" ಅಂತ ವಿವರಿಸಲೇಬೇಕು. ಠಾಣೆಯಲ್ಲಿ ಹೇಳಲೇಬೇಕು ಅಂತ ಸಂಹಿತೆಯಲ್ಲಿ ಬರೆದಿಲ್ಲ. ಆದರೆ ಹೇಳಬಾರದು ಅಂತಲೂ ಎಲ್ಲಿಯೂ ಬರೆದಿಲ್ಲ. ಆ ಖಾಲಿ ಜಾಗ ತುಂಬುವ ಅಧಿಕಾರ ನಿಮ್ಮ ಕೈಯಲ್ಲಿದೆ. ಕೊಡಗು ಚಿಕ್ಕ ಜಿಲ್ಲೆ. ಬೇರೆ ಜಿಲ್ಲೆಯವರಿಗಿಂತ ಮೊದಲು ನಾವೇ ಯಾಕೆ ಶುರು ಮಾಡಬಾರದು?

ಹೀಗಾದರೆ ಕಳ್ಳರೆಲ್ಲ ಸುಮ್ಮನೆ ಕೂತು ತಪ್ಪಿಸಿಕೊಳ್ಳುತ್ತಾರೆ ಅಂತ ನಿಮ್ಮ ಸಿಬ್ಬಂದಿ ಹೇಳಬಹುದು. ನಮ್ಮ ಬೆಳೆಗಾರರಂತೂ ಹೇಳೇ ಹೇಳುತ್ತಾರೆ. ಅವರಿಗೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ. ಠಾಣೆಯಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಮಾಡುವಂತಿಲ್ಲ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದು. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 25 ಮತ್ತು 26ನೇ ಕಲಮುಗಳಲ್ಲಿ ಇತ್ತು. ಅದಕ್ಕೂ ಮೊದಲು 1861ರ ದಂಡ ಪ್ರಕ್ರಿಯಾ ಕಾಯ್ದೆಯಲ್ಲೇ ಬಂದಿತ್ತು. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಚಿತ್ರಹಿಂಸೆಯ ದೂರುಗಳ ಬಗ್ಗೆ ತನಿಖೆ ಮಾಡಿದ ಆಯೋಗ 1855ರಲ್ಲಿ ಕೊಟ್ಟ ವರದಿ ಓದಿದರೆ, ಬ್ರಿಟಿಷರೇ ತಮ್ಮ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಯಾಕೆ ನಂಬದೇ ಹೋದರು ಅಂತ ತಿಳಿಯುತ್ತದೆ. ನೂರೈವತ್ತು ವರ್ಷಕ್ಕೂ ಮಿಕ್ಕಿ ಈ ನೆಲದ ಕಾನೂನು ಅದನ್ನು ನಂಬಿಲ್ಲ. ಆರೋಪಿ ಹೇಳಿದ ಜಾಗದಲ್ಲಿ ಮಾಲು ಸಿಕ್ಕಿದರೆ, ಆ ಮಾಲಿಗೆ ಸಂಬಂಧಪಟ್ಟ ಅಷ್ಟು ಮಾತು ಮಾತ್ರ ನಿಲ್ಲುತ್ತದೆ.

ಅಂದರೆ ಕೇಸ್ ಗೆಲ್ಲುವುದು ಮಾಲಿನಿಂದ, ಬಾಯಿಂದ ಅಲ್ಲ. ಕದ್ದ ಮೆಣಸು ಯಾರ ಅಂಗಡಿಗಾದರೂ ಹೋಗಲೇಬೇಕು. ಯಾವುದೋ ಗಾಡಿಯಲ್ಲಿ ಹೋಗಬೇಕು. ಕುಟ್ಟ, ಮಾಕುಟ್ಟ, ಆನೆಚೌಕೂರು, ಸಂಪಾಜೆ, ಕುಶಾಲನಗರ, ಇವನ್ನು ಬಿಟ್ಟು ಜಿಲ್ಲೆಯಿಂದ ಹೊರಗೆ ಹೋಗುವ ದೊಡ್ಡ ದಾರಿಗಳು ಎಷ್ಟಿವೆ? ವ್ಯಾಪಾರಿಗಳ ಖರೀದಿ ಪುಸ್ತಕ ನೋಡಲಿ, ಗೇಟಿನ ಕ್ಯಾಮೆರಾ ನೋಡಲಿ, ಚಕ್ರದ ಗುರುತು ನೋಡಲಿ. ಇದಕ್ಕೆಲ್ಲ ಸಮಯ ಬೇಕು, ಜನ ಬೇಕು ಅಂತ ನನಗೆ ಗೊತ್ತು. ಠಾಣೆಗಳಲ್ಲಿ ಜನ ಕಡಿಮೆ ಇದ್ದಾರೆ ಅಂತಲೂ ಗೊತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಊರಿಗೆ ಊರೇ ಕೊಚ್ಚಿ ಹೋದಾಗ ಕೆಸರಿನಲ್ಲಿ ನಿಂತು ಜನರನ್ನು ಎತ್ತಿ ತಂದವರಲ್ಲಿ ನಿಮ್ಮ ಪೇದೆಗಳೂ ಇದ್ದರು. ಅದನ್ನು ಕೊಡಗಿನವರು ಮರೆಯುವುದಿಲ್ಲ. ಅವರಿಗೆ ಇನ್ನಷ್ಟು ಜನ ಬೇಕು ಅಂದರೆ ನಾವೂ ಸರ್ಕಾರಕ್ಕೆ ಬರೆಯುತ್ತೇವೆ. ಆದರೆ ಆ ಕೊರತೆಯನ್ನು ಯರವರ ಬಾಯಿಂದ ತುಂಬಿಸಿಕೊಳ್ಳುವುದು ಬೇಡ.

ಸುಲಭದ ದಾರಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. ಕುಶಾಲನಗರದ ಕಡೆಯ ಗಿರಿಜನರೊಬ್ಬರು ತಮ್ಮ ಹೆಂಡತಿ ಕಾಣುತ್ತಿಲ್ಲ ಅಂತ ತಾವೇ ದೂರು ಕೊಟ್ಟರು. ಆಮೇಲೆ ಪಕ್ಕದ ಮೈಸೂರು ಜಿಲ್ಲೆಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಹೆಂಡತಿಯದೇ, ಕೊಂದವನು ಗಂಡನೇ ಅಂತ ಕೇಸ್ ಆಯಿತು. ವರ್ಷಕ್ಕೂ ಹೆಚ್ಚು ಕಾಲ ಆ ಮನುಷ್ಯ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಕಾಣಿಸಿದರು. ಮೈಸೂರಿನ ನ್ಯಾಯಾಲಯ ಗಂಡನನ್ನು ಆರೋಪದಿಂದ ಖುಲಾಸೆ ಮಾಡಿತು. ಸಾಯದೇ ಇರುವವರನ್ನು ಕೊಂದ ಆರೋಪ ಹೊತ್ತು ಒಬ್ಬರು ಜೈಲಿನಲ್ಲಿ ಕೂರುತ್ತಾರೆ ಅಂದರೆ, ಅಲ್ಲಿ ತನಿಖೆ ಮಾಲು ಮತ್ತು ಪುರಾವೆ ಹಿಡಿದು ನಡೆಯಲಿಲ್ಲ ಅಂತಲೇ ಅರ್ಥ. ಅವರ ಜೊತೆ ಮೊದಲ ದಿನದಿಂದ ಒಬ್ಬ ವಕೀಲರು ಕೂತಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಕಾಗದದ ವಿಷಯ. ಠಾಣೆಗಳಲ್ಲಿ "ಸ್ವಇಚ್ಛಾ ಹೇಳಿಕೆ" ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅದರೊಳಗೆ ಏನಿದೆ ಅಂತ ಒತ್ತಿದವರಿಗೆ ಗೊತ್ತಿರುವುದಿಲ್ಲ. ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ಹೇಳಿಕೆಗೆ, ಅದನ್ನು ಕೊಟ್ಟವರು ಸಹಿ ಹಾಕುವಂತಿಲ್ಲ ಅಂತ ಸಂಹಿತೆಯ 181ನೇ ಕಲಂ ಹೇಳುತ್ತದೆ. ಆಸೆ ತೋರಿಸಿ, ಬೆದರಿಸಿ ಮಾತು ತೆಗೆಯುವಂತಿಲ್ಲ ಅಂತ 182ನೇ ಕಲಂ ಹೇಳುತ್ತದೆ. "ಒಪ್ಪಿಕೋ, ಸಣ್ಣ ಕೇಸ್ ಹಾಕಿ ಬಿಟ್ಟು ಬಿಡ್ತೇವೆ" ಅನ್ನುವುದು ಆಸೆ ತೋರಿಸುವುದೇ ಅಲ್ವಾ? ಇದನ್ನೂ ಸುತ್ತೋಲೆಯಲ್ಲಿ ಸೇರಿಸಿ.

ಕರೆಸುವುದಕ್ಕೂ ಕ್ರಮ ಇದೆ. 179ನೇ ಕಲಮಿನ ಪ್ರಕಾರ ಸಾಕ್ಷಿಯನ್ನು ಕರೆಸಬೇಕಾದರೆ ಲಿಖಿತ ಆದೇಶ ಬೇಕು. ಹೆಂಗಸರು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು, ಇವರನ್ನು ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ. ಅವರಿದ್ದಲ್ಲಿಗೇ ಪೊಲೀಸರು ಹೋಗಬೇಕು. ನಮ್ಮ ಕಡೆ ಎಪ್ಪತ್ತರ ಮುದುಕರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ನೋಡಿದ್ದೇನೆ. ಬಂಧಿಸಿದ್ದರಂತೂ, ಬಂಧನದ ಕಾರಣವನ್ನು ಬರಹದಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಕೊಡಗಿನಲ್ಲಿ ತಿಳಿಯುವ ಭಾಷೆ ಅಂದರೆ ಕನ್ನಡ ಒಂದೇ ಅಲ್ಲ. ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಮಲಯಾಳ, ತುಳು, ತಮಿಳು ಇದೆ. ಯರವರ ಮಾತು, ಜೇನುಕುರುಬರ ಮಾತು ಇದೆ. ಈಗ ಅಸ್ಸಾಮಿ, ಬಂಗಾಳಿ, ಹಿಂದಿಯೂ ಸೇರಿದೆ. ನಮ್ಮ ತೋಟದ ಆ ಮನುಷ್ಯರಿಗೆ ಠಾಣೆಯ ಕನ್ನಡ ಅರ್ಧ ಅರ್ಥವಾಗಿರಲಿಲ್ಲ ಅಂತ ಅವರ ಹೆಂಡತಿ ಆಮೇಲೆ ಹೇಳಿದರು.

ಇಲ್ಲಿ ಲೈನ್ ಮನೆಯವರಿಗೂ, ಹಾಡಿಯವರಿಗೂ ಒಂದೆರಡು ಮಾತು. ಸುಮ್ಮನಿರುವ ಹಕ್ಕು ಇದೆ ಅಂತ ಎಲ್ಲದಕ್ಕೂ ಸುಮ್ಮನಿರಬೇಡಿ. ಹೆಸರು, ಊರು, ವಿಳಾಸ ಕೇಳಿದರೆ ಸರಿಯಾಗಿ ಹೇಳಿ. ಸುಳ್ಳಂತೂ ಹೇಳಲೇಬೇಡಿ. ಸುಮ್ಮನಿರುವುದು ಹಕ್ಕು, ಸುಳ್ಳು ಹೇಳುವುದು ಹಕ್ಕಲ್ಲ. ಬೇರೆಯವರು ಮಾಡಿದ್ದನ್ನು ನೀವು ಕಂಡಿದ್ದರೆ ಹೇಳುವುದು ನಿಮ್ಮ ಕರ್ತವ್ಯ. ಬೆರಳಚ್ಚು, ಕೈಬರಹದ ಮಾದರಿ ಕೇಳಿದರೆ, ಅದು ಈ ಹಕ್ಕಿನ ಒಳಗೆ ಬರುವುದಿಲ್ಲ. 1961ರಲ್ಲೇ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹಾಗೆ ಹೇಳಿದೆ. ಮೊಬೈಲಿನ ಪಾಸ್‌ವರ್ಡ್ ವಿಷಯದಲ್ಲಿ ಕೋರ್ಟುಗಳ ಮಾತು ಇನ್ನೂ ಒಂದೇ ಆಗಿಲ್ಲ, ಅದಕ್ಕೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ನಿಮ್ಮನ್ನೇ ಸಿಕ್ಕಿಸುವ ಪ್ರಶ್ನೆ ಬಂದರೆ ಕೂಗಾಡಬೇಕಾಗಿಲ್ಲ. "ಸಾರ್, ಇದಕ್ಕೆ ವಕೀಲರನ್ನು ಕೇಳಿ ಹೇಳ್ತೇನೆ" ಅಂದರೆ ಆಯಿತು. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ.

ವಕೀಲರಿಗೆ ಕೊಡಲು ದುಡ್ಡು ಎಲ್ಲಿಂದ ಅನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಪೊಲೀಸ್ ವಶದಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಬಹುದು. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಹೋಗಬಹುದು. ಬಂಧನವಾದ ಮೇಲೆ, ವಿಚಾರಣೆ ಪೂರ್ತಿ ಅಲ್ಲದಿದ್ದರೂ, ಅದರ ನಡುವೆ ತಮ್ಮ ವಕೀಲರನ್ನು ಭೇಟಿಯಾಗುವ ಹಕ್ಕು ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮಿನಲ್ಲಿದೆ. ಹಿಡಿದ 24 ಗಂಟೆಯೊಳಗೆ, ದಾರಿಯ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಲೇಬೇಕು.

ಬೆಳೆಗಾರ ಬಂಧುಗಳೇ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ದೂರು ಕೊಡುವಾಗ "ಇವನ ಮೇಲೆ ಡೌಟು" ಅಂತ ಹೆಸರು ಸೇರಿಸುವವರು ನಾವು. "ನಾಲ್ಕು ಬಿಟ್ಟರೆ ಬಾಯಿ ಬಿಡ್ತಾನೆ" ಅಂತ ಠಾಣೆಯಲ್ಲೇ ನಿಂತು ಹೇಳುವವರೂ ನಾವು. ಪೊಲೀಸರ ಮೇಲೆ ಆ ಒತ್ತಡ ಹಾಕುವುದನ್ನು ಮೊದಲು ನಿಲ್ಲಿಸಬೇಕು. ನಮ್ಮ ಮನೆಯವರನ್ನೇ ಯಾರಾದರೂ ಕರೆಸಿದರೆ ನಾವು ವಕೀಲರಿಲ್ಲದೆ ಒಂದು ಮಾತು ಆಡುತ್ತೇವೆಯೇ? ನಮ್ಮ ಮಗ ಸುಮ್ಮನಿದ್ದರೆ ಜಾಣ, ಲೈನ್ ಮನೆಯವನು ಸುಮ್ಮನಿದ್ದರೆ ಕಳ್ಳ. ಇದು ಯಾವ ನ್ಯಾಯ? ನಿಮ್ಮ ತೋಟದವರನ್ನು ಕರೆಸಿದರೆ ಅವರ ಜೊತೆ ಹೋಗಿ, ಅವರ ಪಕ್ಕದಲ್ಲೇ ಕೂತುಕೊಳ್ಳಿ. ವಾಪಸ್ ಬಂದ ಮೇಲೆ ಮರುದಿನ ಕೆಲಸಕ್ಕೆ ಕರೆಯಿರಿ.

ಮಾನ್ಯರೇ, ಸುತ್ತೋಲೆಯ ಜೊತೆಗೆ ಇನ್ನೊಂದು. ಲಾಕಪ್ ಮತ್ತು ವಿಚಾರಣೆ ಕೋಣೆ ಸೇರಿ ಎಲ್ಲ ಠಾಣೆಗಳಲ್ಲಿ ಧ್ವನಿಯೂ ದಾಖಲಾಗುವ ಸಿಸಿ ಕ್ಯಾಮೆರಾ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ನಮ್ಮ ಜಿಲ್ಲೆಯ ಯಾವ ಯಾವ ಠಾಣೆಯಲ್ಲಿ ಅವು ಕೆಲಸ ಮಾಡುತ್ತಿವೆ ಅಂತ ಜನರಿಗೆ ತಿಳಿಸಿ. ಕ್ಯಾಮೆರಾ ಸರಿ ಇದ್ದರೆ ಹಕ್ಕು ಓದಿ ಹೇಳಿದ ನಿಮ್ಮ ಸಿಬ್ಬಂದಿಗೇ ಅದು ರಕ್ಷಣೆ.

ಹಕ್ಕನ್ನು ತಿಳಿಸುವ ಆ ಮೂರು ಸಾಲುಗಳನ್ನು ಯರವರ ಮಾತಿನಲ್ಲಿ, ಕುರುಬರ ಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡಿಕೊಡಲು ನಮ್ಮ ಹಾಡಿಗಳ ಓದಿದ ಹುಡುಗ ಹುಡುಗಿಯರು ತಯಾರಿದ್ದಾರೆ. ಓದಲು ಬಾರದವರಿಗೆ ಠಾಣೆಯಲ್ಲಿ ಅದನ್ನೇ ಕೇಳಿಸಬಹುದು. ನೀವು ಒಂದು ದಿನ ಗೊತ್ತು ಮಾಡಿ ತಿಳಿಸಿದರೆ ಅವರನ್ನು ಮಡಿಕೇರಿಗೆ ಕರೆದುಕೊಂಡು ಬರುವ ಜವಾಬ್ದಾರಿ ನನ್ನದು.

ಇಂತಿ ನಮಸ್ಕಾರಗಳೊಂದಿಗೆ,
ದಕ್ಷಿಣ ಕೊಡಗಿನ ಒಬ್ಬ ಕಾಫಿ ಬೆಳೆಗಾರ್ತಿ